ಆಟದ ಪೆಟ್ಟಿಗೆಗೂ ಆಫೀಸ್ ಕೆಲಸ ಬರುತ್ತಿತ್ತು

ಗೇಮ್ ಕನ್ಸೋಲ್ ಅಂದರೆ ಮನೆಯ ಹಿರಿಯರ ಲೆಕ್ಕದಲ್ಲಿ ಹುಡುಗರನ್ನು ಹಾಳು ಮಾಡುವ ಪೆಟ್ಟಿಗೆ. ಆಫೀಸಿನವರ ಲೆಕ್ಕದಲ್ಲಿ ಊಟದ ಬಿಡುವಿನ ಟೈಮ್‌ಪಾಸ್. ಅವರನ್ನು ದೂರುವಂತೆಯೂ ಇಲ್ಲ. ಅದನ್ನು ತಯಾರಿಸುವ ಕಂಪನಿಗಳೇ ಈಗ ಅದೇ ರಾಗ ಹಾಡುತ್ತಿವೆ: ಇದು ಆಟಕ್ಕೆ ಮಾತ್ರ, ಬೇರೆ ಕೆಲಸ ಕೇಳಬೇಡಿ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನನ್ನ ಮೊದಲ ನೌಕರಿ ಉಳಿದದ್ದೇ ಅಣ್ಣನ ಎಕ್ಸ್‌ಬಾಕ್ಸ್‌ನಿಂದ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಾನು ಬೆಂಗಳೂರಿನಲ್ಲಿ ಕಟ್ಟಡದ ನಕ್ಷೆ ಬರೆಯುವ ಒಂದು ಸಣ್ಣ ಆಫೀಸಿಗೆ ಸೇರಿ ಮೂರು ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್. ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದೆ. ಆಫೀಸಿನ ಕಂಪ್ಯೂಟರು ಆಫೀಸಿನಲ್ಲೇ ಉಳಿಯಿತು. ಮನೆಯಲ್ಲಿ ಇದ್ದದ್ದು ಒಂದೇ ಲ್ಯಾಪ್‌ಟಾಪ್, ಅದೂ ಎಂಜಿನಿಯರಿಂಗ್ ಓದುತ್ತಿದ್ದ ತಂಗಿಯದು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅವಳಿಗೆ ಆನ್‌ಲೈನ್ ಕ್ಲಾಸು. ನಮ್ಮ ಮೀಟಿಂಗ್ ಇದ್ದದ್ದು ಸರಿಯಾಗಿ ಹತ್ತಕ್ಕೆ, ಸ್ಕೈಪ್‌ನಲ್ಲಿ. ಎಲ್ಲರ ಕ್ಯಾಮೆರಾ ಆನ್ ಇರಲೇಬೇಕು ಅನ್ನುವುದು ನಮ್ಮ ಸಾಹೇಬರ ಕಟ್ಟಪ್ಪಣೆ. ನಕ್ಷೆ ಬರೆಯುವುದನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ಹೇಗೋ ಮಾಡುತ್ತಿದ್ದೆ. ಮೀಟಿಂಗ್‌ನದ್ದೇ ತಲೆನೋವು.

ಫೋನ್ ಇತ್ತಲ್ಲ ಎನ್ನಬಹುದು. ಇತ್ತು. ಆದರೆ ಸಾಹೇಬರು ನಕ್ಷೆಯ ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದು, ಪೆನ್ಸಿಲ್‌ನಲ್ಲಿ ತೋರಿಸುತ್ತಾ ಮಾತಾಡುವವರು. ಫೋನಿನ ಪರದೆಯಲ್ಲಿ ಗೋಡೆ ಯಾವುದು, ಅಳತೆಯ ಗೆರೆ ಯಾವುದು ಒಂದೂ ಗೊತ್ತಾಗುತ್ತಿರಲಿಲ್ಲ, ಬರೀ ಇರುವೆ ಸಾಲು. ಮೂರನೇ ದಿನ ಅಣ್ಣ ನನ್ನ ಪರದಾಟ ನೋಡಿ, ‘ಟಿ.ವಿಯಾಗ ಮಾಡ್ಲೇ, ಇದರಾಗೂ ಸ್ಕೈಪ್ ಐತಿ’ ಅಂದ. ಅವನ ಹತ್ತಿರ ಇದ್ದದ್ದು ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡ ಹಳೆಯ ಎಕ್ಸ್‌ಬಾಕ್ಸ್ ಒನ್. ಜೊತೆಗೆ ಕಿನೆಕ್ಟ್ ಅನ್ನುವ ಕ್ಯಾಮೆರಾ, ಟಿ.ವಿ ಕೆಳಗೆ ಕೂತಿರುವ ಕಪ್ಪು ಪಟ್ಟಿ. ಅದನ್ನು ಅವನು ಒಮ್ಮೆಯೂ ಬಳಸಿರಲಿಲ್ಲ.

ಮರುದಿನ 43 ಇಂಚಿನ ಟಿ.ವಿಯಲ್ಲಿ ಸಾಹೇಬರು ಮೂಡಿದರು. ಮೆಟ್ಟಿಲಿನ ಅಳತೆ ಕೂಡ ಓದಲು ಬರುತ್ತಿತ್ತು. ಬೆನ್ನು ಬಾಗಿಸದೆ, ದಿವಾನಿನ ಮೇಲೆ ನೆಟ್ಟಗೆ ಕೂತು ಎಂಟು ಅಡಿ ದೂರದಿಂದ ಮಾತಾಡಿದರೂ ಆ ಕಡೆ ಸ್ಪಷ್ಟವಾಗಿ ಕೇಳುತ್ತಿತ್ತು. ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಕೋಣೆಯಲ್ಲಿ ಕುಣಿಯುವ, ಜಿಗಿಯುವ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಲೆಂದೇ ಆ ಕ್ಯಾಮೆರಾ ಮಾಡಿದ್ದು, ಹಾಗಾಗಿ ಅದಕ್ಕೆ ಇಡೀ ಕೋಣೆ ಕಾಣುತ್ತದೆ. ಅದರಲ್ಲಿ ನಾಲ್ಕು ಮೈಕ್‌ಗಳಿದ್ದು, ಟಿ.ವಿಯಿಂದ ಬರುವ ಸದ್ದನ್ನು ಕಳೆದು ಕೋಣೆಯಲ್ಲಿ ಇರುವವರ ದನಿಯನ್ನು ಮಾತ್ರ ಹಿಡಿಯುವ ವ್ಯವಸ್ಥೆ ಇದೆ. ಒಂದು ಆಫೀಸಿನ ಮೀಟಿಂಗ್ ರೂಮಿಗೆ ಬೇಕಾದದ್ದೂ ಇದೇ ತಾನೆ?

ತೊಂದರೆಗಳೂ ಇದ್ದವು. ಗೇಮ್ ಆಡುವ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಸಂದೇಶ ಬರೆಯುವಷ್ಟರಲ್ಲಿ ಮೀಟಿಂಗೇ ಮುಗಿದುಹೋಗುತ್ತಿತ್ತು. ಫೈಲ್ ಕಳಿಸಲು ಫೋನೇ ಗತಿ. ಇನ್ನು ಅಜ್ಜಿ. ಮೊದಲ ದಿನ ಒಳಗಿನಿಂದ ಬಂದವರೇ ಟಿ.ವಿ ಮುಂದೆ ನಿಂತು, ‘ಟಿ.ವಿಯಾಗ ಬಂದಾರಲ್ಲೋ ನಿಮ್ಮ ಸಾಹೇಬ್ರು? ಬರ್ರಿ ಅನ್ನು, ಚಾ ಕುಡ್ದು ಹೋಗ್ಲಿ’ ಅಂದರು. ಆ ಕಡೆ ಆರು ಜನ ನಕ್ಕರು. ಸಾಹೇಬರು ಅಜ್ಜಿಗೆ ನಮಸ್ಕಾರ ಹೇಳಿದರು.

ನಗು ಅಷ್ಟಕ್ಕೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಇಡೀ ಕೋಣೆ ಕಾಣುವ ಕ್ಯಾಮೆರಾಕ್ಕೆ ನಮ್ಮ ಮನೆಯೂ ಕಾಣುತ್ತದೆ. ದಿನಾ ಹತ್ತರಿಂದ ಹನ್ನೊಂದೂವರೆಯವರೆಗೆ ಅವ್ವ ತನ್ನ ಮನೆಯ ಪಡಸಾಲೆಯಲ್ಲಿ ಓಡಾಡಲಾಗದೆ, ಹಿತ್ತಲ ಬಾಗಿಲಿನಿಂದ ಸುತ್ತು ಹಾಕಿ ಬರುತ್ತಿದ್ದಳು. ಒಣಹಾಕಿದ ಬಟ್ಟೆ, ದೇವರ ಫೋಟೊ, ಗೋಡೆಯ ತೇವ, ಎಲ್ಲವನ್ನೂ ಬೆಂಗಳೂರಿನ ಅಪರಿಚಿತರು ನೋಡುತ್ತಿದ್ದರು. ಎರಡನೇ ವಾರ ದಿವಾನಿನ ಹಿಂದೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟೆವು. ಮೀಟಿಂಗ್ ಮುಗಿದ ಕೂಡಲೇ ಕ್ಯಾಮೆರಾ ಮೇಲೆ ಟವೆಲ್ ಹೊದಿಸುವುದು ಅವ್ವನ ನಿಯಮವಾಯಿತು.

ಅವ್ವನದು ಅತಿ ಎನ್ನಬೇಡಿ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಘೋಷಣೆಯಾದಾಗ ಕಿನೆಕ್ಟ್ ಸದಾ ಜೋಡಿಸಿಯೇ ಇರಬೇಕು ಎಂದು ಮೈಕ್ರೋಸಾಫ್ಟ್ ಷರತ್ತು ಹಾಕಿತ್ತು. ಜನ ಗಲಾಟೆ ಮಾಡಿದ ಮೇಲೆ ಕೈಬಿಟ್ಟಿತು. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿ.ಸಿ.ಎಚ್.ಕ್ಯು 2008ರ ಆರೇ ತಿಂಗಳಲ್ಲಿ ಯಾಹೂ ವೆಬ್‌ಕ್ಯಾಮ್ ಚಾಟ್ ಮಾಡುತ್ತಿದ್ದ 18 ಲಕ್ಷಕ್ಕೂ ಹೆಚ್ಚು ಖಾತೆಗಳಿಂದ ಚಿತ್ರ ಸಂಗ್ರಹಿಸಿತ್ತು ಎಂದು 2014ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಬಯಲು ಮಾಡಿತು. ಅದೇ ದಾಖಲೆಗಳಲ್ಲಿ ಕಿನೆಕ್ಟ್‌ನ ಪ್ರಸ್ತಾಪವೂ ಇತ್ತು. ಇಷ್ಟೆಲ್ಲ ಓದಿರದ ಅವ್ವನಿಗೆ ಟವೆಲ್ ಹೊಳೆದದ್ದು ಮಾತ್ರ ನನಗೆ ಈಗಲೂ ಬೆರಗು.

ಇಷ್ಟಾದರೂ ಆ ವ್ಯವಸ್ಥೆಯನ್ನು ನಾನು ಬಿಡಲಿಲ್ಲ, ಯಾಕೆಂದರೆ ಬಿಟ್ಟರೆ ಉಳಿಗಾಲವಿರಲಿಲ್ಲ. ನನ್ನ ಜೊತೆ ಪ್ರೊಬೇಷನ್‌ನಲ್ಲಿದ್ದ ಮೂವರಲ್ಲಿ ಇಬ್ಬರನ್ನು ಮೇ ತಿಂಗಳಲ್ಲಿ ತೆಗೆದರು. ಅವರಲ್ಲಿ ಒಬ್ಬ ನನಗಿಂತ ಚೆನ್ನಾಗಿ ನಕ್ಷೆ ಬರೆಯುತ್ತಿದ್ದ. ಲ್ಯಾಪ್‌ಟಾಪ್ ಇರಲಿಲ್ಲ, ಹಳೇ ಫೋನಿನಲ್ಲಿ ವಿಡಿಯೊ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವನ ಜಾಗದಲ್ಲಿ ಒಂದು ಕಪ್ಪು ಚೌಕ ಕಾಣುತ್ತಿತ್ತು. ಕೆಲಸ ಎಷ್ಟೇ ಮಾಡಿದರೂ ಮುಖ ಕಾಣದವನನ್ನು ಆಫೀಸು ಮರೆಯುತ್ತದೆ. ಇನ್ನೊಂದು ಯಂತ್ರ ಕೊಳ್ಳಲಾಗದ ಮನೆಯಲ್ಲಿ, ಇರುವ ಯಂತ್ರವೇ ಎರಡು ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದು ಬರೀ ಗ್ಯಾಜೆಟ್ ಹುಚ್ಚಿನ ಪ್ರಶ್ನೆಯಲ್ಲ ಎಂದು ನಾನು ಹೇಳುವುದು ಅದಕ್ಕೇ.

ಈಗ ನನ್ನ ತಕರಾರಿಗೆ ಬರುತ್ತೇನೆ. ಕನ್ಸೋಲ್‌ನಲ್ಲಿ ವಿಡಿಯೊ ಕರೆ ಹೊಸ ಸಂಗತಿಯೇನಲ್ಲ. 2007ರಲ್ಲಿ ಪ್ಲೇಸ್ಟೇಷನ್ 3ಕ್ಕೆ ‘ಐ’ ಎಂಬ ಕ್ಯಾಮೆರಾ ಬಂತು, ಆ ಯಂತ್ರದಲ್ಲಿ ಆರು ಜನ ಒಟ್ಟಿಗೆ ಮುಖ ನೋಡಿ ಮಾತಾಡಬಹುದಿತ್ತು. 2010ರ ಅಕ್ಟೋಬರ್‌ನಲ್ಲಿ ಸಿಸ್ಕೊ ಕಂಪನಿ ಮನೆಯ ಟಿ.ವಿಗೆ ಜೋಡಿಸುವ ‘ಊಮಿ’ ಎಂಬ ವಿಡಿಯೊ ಕರೆಯ ಸಾಧನ ಘೋಷಿಸಿತು. ಅಮೆರಿಕದಲ್ಲಿ ಅದರ ಬೆಲೆ 599 ಡಾಲರ್, ಮೇಲೆ ತಿಂಗಳಿಗೆ 25 ಡಾಲರ್ ಶುಲ್ಕ. ಮುಂದಿನ ತಿಂಗಳೇ ಮೈಕ್ರೋಸಾಫ್ಟ್ 150 ಡಾಲರಿಗೆ ಮೊದಲ ಕಿನೆಕ್ಟ್ ತಂದಿತು. ಮನೆಯಲ್ಲಿ ಎಕ್ಸ್‌ಬಾಕ್ಸ್ 360 ಇದ್ದವರು ವಿಂಡೋಸ್ ಲೈವ್ ಮೆಸೆಂಜರ್ ಬಳಸುವ ಯಾರ ಜೊತೆಗಾದರೂ ಟಿ.ವಿಯಲ್ಲೇ ಮಾತಾಡಬಹುದಿತ್ತು. ಮಾತಾಡುವವರು ಎದ್ದು ಓಡಾಡಿದರೆ ಚಿತ್ರವೂ ಅವರನ್ನೇ ಹಿಂಬಾಲಿಸುತ್ತಿತ್ತು. ಊಮಿ ಹೆಚ್ಚು ದಿನ ಬಾಳಲಿಲ್ಲ. ಕಿನೆಕ್ಟ್ ಮೊದಲ 60 ದಿನಗಳಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು.

ಅಂದರೆ ಹದಿನೈದು ವರ್ಷದ ಹಿಂದೆ ಬಾಗಿಲು ತೆರೆದಿತ್ತು. ಮುಂದೆ ಇನ್ನಷ್ಟು ತೆರೆಯಬೇಕಿತ್ತು. ಆದದ್ದು ಉಲ್ಟಾ. ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. 2020ರಲ್ಲಿ, ಜಗತ್ತೆಲ್ಲ ವಿಡಿಯೊ ಕರೆಗೆ ಜೋತುಬಿದ್ದಿದ್ದ ವರ್ಷದಲ್ಲೇ, ಬಂದ ಹೊಸ ಎಕ್ಸ್‌ಬಾಕ್ಸ್ ಕಿನೆಕ್ಟನ್ನು ಗುರುತಿಸುವುದೇ ಇಲ್ಲ. ಅದೇ ವರ್ಷದ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ, 49,990 ರೂಪಾಯಿಗೆ. ಎಂಟು ಕೋರ್‌ಗಳ ಪ್ರೊಸೆಸರ್, 16 ಜಿ.ಬಿ ಮೆಮೊರಿ. ನಾನು ನಕ್ಷೆ ಬರೆದ ತಂಗಿಯ ಲ್ಯಾಪ್‌ಟಾಪ್ ಅದರ ಮುಂದೆ ಎತ್ತಿನಗಾಡಿ. ಅದಕ್ಕೆ ಪ್ರತ್ಯೇಕ ಕ್ಯಾಮೆರಾವನ್ನೂ ಮಾರುತ್ತಾರೆ. ಆ ಕ್ಯಾಮೆರಾ ಇರುವುದು ಆಟ ಆಡುತ್ತಾ ನಿಮ್ಮ ಮುಖವನ್ನು ಲೋಕಕ್ಕೆಲ್ಲ ತೋರಿಸಲು. ಪಕ್ಕದೂರಿನ ಒಬ್ಬ ಸಹೋದ್ಯೋಗಿಯ ಜೊತೆ ಮೀಟಿಂಗ್ ಮಾಡಲು ಬರುವುದಿಲ್ಲ.

ಇದಕ್ಕೆ ಕಂಪನಿಗಳ ಬಳಿ ಲೆಕ್ಕಾಚಾರ ಇದೆ, ಅದೇನೂ ಗುಟ್ಟಲ್ಲ. ಕನ್ಸೋಲನ್ನು ಹೆಚ್ಚು ಲಾಭವಿಲ್ಲದೆ, ಕೆಲವು ಸಲ ನಷ್ಟಕ್ಕೇ ಮಾರಿ, ಆಮೇಲೆ ಆಟಗಳಿಂದ, ಚಂದಾದಿಂದ ದುಡ್ಡು ಎತ್ತುತ್ತಾರೆ. ಆಟ ಕೊಳ್ಳದೆ ಬೇರೆ ಕೆಲಸಕ್ಕೆ ಬಳಸುವವನು ಅವರಿಗೆ ಲುಕ್ಸಾನಿನ ಗಿರಾಕಿ. ಅಮೆರಿಕದ ವಾಯುಪಡೆ 1,760 ಪ್ಲೇಸ್ಟೇಷನ್ 3ಗಳನ್ನು ಸಾಲಾಗಿ ಜೋಡಿಸಿ 2010ರಲ್ಲಿ ಒಂದು ಸೂಪರ್ ಕಂಪ್ಯೂಟರನ್ನೇ ಕಟ್ಟಿತು. ಅದೇ ವರ್ಷದ ಏಪ್ರಿಲ್ 1ರಂದು ಸೋನಿ ಒಂದು ಅಪ್‌ಡೇಟ್ ಕಳಿಸಿ, ಆ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯವನ್ನು ಕಿತ್ತುಹಾಕಿತು. ಸುರಕ್ಷತೆಯ ಕಾರಣ ಕೊಟ್ಟಿತು. ದುಡ್ಡು ಕೊಟ್ಟು ಮನೆಗೆ ತಂದ ವಸ್ತುವಿನಿಂದ ಒಂದು ಉಪಯೋಗವನ್ನು ಅಂಗಡಿಯವನು ರಾತ್ರೋರಾತ್ರಿ ಬಂದು ಎತ್ತಿಕೊಂಡು ಹೋದ ಹಾಗೆ. ಗಿರಾಕಿಗಳು ಕೋರ್ಟಿಗೆ ಹೋದರು, ಕೊನೆಗೆ ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು.

ಆದರೆ ಬೆಳಿಗ್ಗೆ ಒಂದು ಗಂಟೆ ಮೀಟಿಂಗ್ ಮಾಡುವವನು ಸೂಪರ್ ಕಂಪ್ಯೂಟರ್ ಕಟ್ಟುವವನಲ್ಲ. ಅಣ್ಣ ಆ ಲಾಕ್‌ಡೌನ್‌ನಲ್ಲಿ ಆಟ ಆಡುವುದನ್ನು ಬಿಟ್ಟನೇ? ಸಂಜೆ ಆರಕ್ಕೆ ಟಿ.ವಿ ಅವನ ವಶ. ಮೀಟಿಂಗ್‌ಗೆ ಬಂತೆಂಬ ಕಾರಣಕ್ಕೆ ಅಪ್ಪ ಅದನ್ನು ಬೈಯುವುದು ಬಿಟ್ಟು, ಹೊಸ ಆಟಕ್ಕೆ ತಾನೇ ದುಡ್ಡು ಕೊಟ್ಟರು. ಕಂಪನಿಯವರಿಗೆ ಇದಕ್ಕಿಂತ ಜಾಹೀರಾತು ಬೇಕೇ?

ಆಟ ಬೇರೆ, ಕೆಲಸ ಬೇರೆ ಎನ್ನುವ ಗೆರೆಯೂ ಅಷ್ಟು ಗಟ್ಟಿಯಲ್ಲ. ಇವತ್ತು ಎಷ್ಟೋ ಐ.ಟಿ ಆಫೀಸುಗಳು ಉಸಿರಾಡುವುದೇ ಸ್ಲ್ಯಾಕ್‌ನಲ್ಲಿ. ಅದು ಹುಟ್ಟಿದ್ದು ‘ಗ್ಲಿಚ್’ ಎಂಬ ಆನ್‌ಲೈನ್ ಗೇಮ್ ಮಾಡುತ್ತಿದ್ದ ತಂಡ ತನ್ನೊಳಗೆ ಮಾತಾಡಿಕೊಳ್ಳಲು ಕಟ್ಟಿಕೊಂಡ ಸಾಧನದಿಂದ. ಆಟ 2012ರಲ್ಲಿ ಮುಚ್ಚಿತು, ಸಾಧನ ಉಳಿಯಿತು. ಆಟದವರು ಮಾಡಿದ್ದು ಆಫೀಸಿಗೆ ಆಗುತ್ತದೆ, ಆದರೆ ಆಟದ ಯಂತ್ರ ಆಗುವುದಿಲ್ಲ ಅಂದರೆ ಏನರ್ಥ?

ನಾನೀಗ ಕೆಲಸ ಮಾಡುವ ಆಫೀಸಿನಲ್ಲಿ ಬ್ರೇಕ್ ರೂಮ್ ಅಂತ ಒಂದಿದೆ. ಅಲ್ಲಿ ದೊಡ್ಡ ಟಿ.ವಿ, ಪ್ಲೇಸ್ಟೇಷನ್ 5, ಕೂರಲು ಬೀನ್‌ಬ್ಯಾಗು. ಅದರ ಪಕ್ಕದ್ದೇ ಮೀಟಿಂಗ್ ರೂಮು. ಅಲ್ಲಿಗೆ ವಿಡಿಯೊ ಕಾನ್ಫರೆನ್ಸ್ ಸಲಕರಣೆ ಹಾಕಿಸಲು ಲಕ್ಷಗಳ ಕೊಟೇಷನ್ ಬಂತು, ಹಾಕಿಸಿಯೂ ಆಯಿತು. ಅದರ ರಿಮೋಟು ಗೊತ್ತಿರುವುದು ಒಬ್ಬರಿಗೆ. ಅವರು ರಜೆ ಹಾಕಿದ ದಿನ ಎಂಟು ಜನ ಒಂದು ಲ್ಯಾಪ್‌ಟಾಪಿನ ಸುತ್ತ ತಲೆಗೆ ತಲೆ ತಾಗಿಸಿ ಕೂರುತ್ತೇವೆ. ಗೋಡೆಯ ಆಚೆ ಆ ಪ್ಲೇಸ್ಟೇಷನ್ ಸುಮ್ಮನೆ ಮಿಣುಕುತ್ತಿರುತ್ತದೆ.

ತಾಂತ್ರಿಕವಾಗಿ ಆಗದು ಎಂದು ಯಾರೂ ಹೇಳುವಂತಿಲ್ಲ. 2023ರಿಂದ ಆಪಲ್ ಟಿ.ವಿ ಪೆಟ್ಟಿಗೆಯಲ್ಲಿ ಐಫೋನನ್ನೇ ಕ್ಯಾಮೆರಾ ಮಾಡಿಕೊಂಡು ಫೇಸ್‌ಟೈಮ್ ಕರೆ ಮಾಡಬಹುದು. ನಾವು ನಂಬಿಕೊಂಡಿದ್ದ ಸ್ಕೈಪ್ 2025ರ ಮೇ 5ರಂದು ಬಾಗಿಲು ಹಾಕಿತು. ಸರಿಯಾಗಿ ಒಂದು ತಿಂಗಳಿಗೆ, ಜೂನ್ 5ರಂದು, ಜಪಾನಿನ ನಿಂಟೆಂಡೊ ಬಿಡುಗಡೆ ಮಾಡಿದ ಸ್ವಿಚ್ 2 ಕನ್ಸೋಲಿನಲ್ಲಿ ವಿಡಿಯೊ ಮಾತುಕತೆಗೆಂದೇ ಒಂದು ಗುಂಡಿ ಇದೆ. ಯು.ಎಸ್.ಬಿ ಕ್ಯಾಮೆರಾ ಚುಚ್ಚಿದರೆ ವಿಡಿಯೊದಲ್ಲಿ 4 ಜನರವರೆಗೆ ಸೇರಬಹುದು. ಖುಷಿಯಿಂದ ಓದುತ್ತಾ ಹೋದೆ. ಆ ನಾಲ್ಕೂ ಜನರ ಹತ್ತಿರ ಅದೇ ಕನ್ಸೋಲ್ ಇರಬೇಕು. ನನ್ನ ಸಾಹೇಬರು ಮೀಟಿಂಗ್‌ಗೆ ಬರಬೇಕಾದರೆ ಮೊದಲು ಮಾರಿಯೊ ಆಡುವ ಯಂತ್ರ ಕೊಳ್ಳಬೇಕು!

ನಾನು ಕೇಳುತ್ತಿರುವುದು ಬಹಳವೇನಲ್ಲ. ಯಾವುದೇ ಸಾಧಾರಣ ವೆಬ್‌ಕ್ಯಾಮ್ ಚುಚ್ಚಿದರೆ ಗುರುತಿಸುವ ಒಂದು ಪೋರ್ಟು. ಜೂಮ್, ಟೀಮ್ಸ್, ಮೀಟ್ ಇವುಗಳಲ್ಲಿ ಯಾವುದಾದರೂ ಒಂದರ ಸರಳ ಆ್ಯಪು. ಕೀಲಿಮಣೆ ಜೋಡಿಸಲು ಅವಕಾಶ. ಕ್ಯಾಮೆರಾಕ್ಕೆ ಮುಚ್ಚಳ ಇಟ್ಟೇ ಮಾರಲಿ, ಅವ್ವನ ಟವೆಲ್ ಒಂದು ಉಳಿಯುತ್ತದೆ. ಇದಕ್ಕಾಗಿ ನೂರಿನ್ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡುವವರು ಇದ್ದಾರೆ, ನಾನಂತೂ ಕೊಡುತ್ತೇನೆ.