ಯುದ್ಧಕಾಲದ ಪೊಲೀಸರು ಯಾರಿಗೆ ಉತ್ತರದಾಯಿಗಳು?

ಯುದ್ಧ ಬಂದಾಗ ಸಣ್ಣ ಪಟ್ಟಣದ ಪೊಲೀಸರು ಊರಿನವರಿಗೆ ಉತ್ತರ ಹೇಳಬೇಕೇ, ಮೇಲಿನ ಸರ್ಕಾರಕ್ಕೇ? ನಮ್ಮಲ್ಲಿ ಪೊಲೀಸು ರಾಜ್ಯದ ವಿಷಯ. ಪುರಸಭೆಗೆ ಠಾಣೆಯ ಮೇಲೆ ಹಿಡಿತವಿಲ್ಲ. ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. 1835ರ ಪೌರಾಡಳಿತ ಕಾಯ್ದೆಯ ಪ್ರಕಾರ ಪಟ್ಟಣದ ಚುನಾಯಿತ ಪರಿಷತ್ತು ತನ್ನ ಸದಸ್ಯರಿಂದಲೇ ‘ವಾಚ್ ಕಮಿಟಿ’ ರಚಿಸಬೇಕಿತ್ತು. ಕಾನ್‌ಸ್ಟೆಬಲ್‌ಗಳ ನೇಮಕ, ಬಡ್ತಿ, ಶಿಸ್ತುಕ್ರಮ, ವಜಾ ಎಲ್ಲವೂ ಈ ಸಮಿತಿಯ ಕೈಯಲ್ಲಿತ್ತು. ನೂರು ವರ್ಷ ದಾಟಿ ಬಾಳಿದ ಈ ಏರ್ಪಾಟನ್ನು ಎರಡನೇ ಮಹಾಯುದ್ಧ ಒರೆಗೆ ಹಚ್ಚಿತು. ಅದರಿಂದ ಕಲಿಯಬೇಕಾದ ಪಾಠ ಒಂದೇ: ತುರ್ತಿನಲ್ಲಿ ಪೊಲೀಸರಿಗೆ ಆಜ್ಞೆ ಕೊಡುವ ಅಧಿಕಾರ ದೊಡ್ಡ ಕೈಗೆ ಹೋಗಬಹುದು, ಆದರೆ ಅವರನ್ನು ಪ್ರಶ್ನಿಸುವ ಊರಿನ ಹಕ್ಕು ಅದರ ಜೊತೆಗೆ ಹೋಗಬಾರದು.

1939ರ ಸೆಪ್ಟೆಂಬರ್‌ನಿಂದ ಪಟ್ಟಣದ ಪೇದೆಯ ಕೆಲಸವೇ ಬದಲಾಯಿತು. ರಾತ್ರಿ ಗಸ್ತಿನಲ್ಲಿ ಯಾವುದೋ ಕಿಟಕಿಯ ಪರದೆಯಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಬಾಗಿಲು ತಟ್ಟಿ ಎಚ್ಚರಿಸಬೇಕು. ಸಿಡಿಯದ ಬಾಂಬಿನ ಸುತ್ತಲಿನ ಮನೆಗಳನ್ನು ತೆರವು ಮಾಡಿಸಬೇಕು. ಒಡೆದುಬಿದ್ದ ಅಂಗಡಿಗಳ ಲೂಟಿ ತಡೆಯಬೇಕು. ಪರದೇಶದವರ ಮೇಲೆ ಕಣ್ಣಿಡಬೇಕು. ಕಡಲಾಚೆಯಿಂದ ಜರ್ಮನ್ ತೋಪುಗಳ ಗುಂಡು ಬೀಳುತ್ತಿದ್ದ ಡೋವರ್ ಕೂಡ ತನ್ನದೇ ಪುಟ್ಟ ಪೊಲೀಸ್ ಪಡೆಯನ್ನು ಇಟ್ಟುಕೊಂಡಿತ್ತು. 1942ರ ರಕ್ಷಣಾ ನಿಯಮಗಳ ಬಲದಿಂದ ಗೃಹ ಇಲಾಖೆ ದಕ್ಷಿಣದ ಇಂಥ ಪಡೆಗಳನ್ನು ವಿಲೀನಗೊಳಿಸಿತು. 1943ರ ಏಪ್ರಿಲ್‌ನಲ್ಲಿ ಡೋವರ್, ಕ್ಯಾಂಟರ್ಬರಿ, ಫೋಕ್‌ಸ್ಟನ್ ಸೇರಿ ಕೆಂಟ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒಂಬತ್ತು ಪಟ್ಟಣಗಳ ಪಡೆಗಳು ಕೌಂಟಿಯ ಪಡೆಯಲ್ಲಿ ಕರಗಿದವು.

ಸೈನ್ಯ ಜಮಾಯಿಸಿದ್ದ ಕರಾವಳಿಯಲ್ಲಿ ದಂಡನಾಯಕ ಒಂಬತ್ತು ಮುಖ್ಯಾಧಿಕಾರಿಗಳೊಂದಿಗೆ ಮಾತಾಡುತ್ತ ಕೂರಲಾಗದು ಎಂಬುದು ವಿಲೀನದ ಪರವಾದ ಬಲವಾದ ವಾದ. ಅದನ್ನು ಒಪ್ಪಲೇಬೇಕು. ಆದರೆ ಈ ವಾದ ಸಾಬೀತು ಮಾಡುವುದು ಆಜ್ಞೆ ಒಂದೇ ಕೈಯಿಂದ ಬರಬೇಕೆಂಬ ಅಗತ್ಯವನ್ನಷ್ಟೇ. ಯಾರನ್ನು ಬಂಧಿಸಬೇಕೆಂದು ಪೇದೆಗೆ ಸಮಿತಿ ಅಪ್ಪಣೆ ಕೊಡುವಂತಿರಲಿಲ್ಲ; ಕಾನ್‌ಸ್ಟೆಬಲ್ ಪುರಸಭೆಯ ಆಳಲ್ಲವೆಂದು 1930ರ ಓಲ್ಡಮ್ ಪ್ರಕರಣದಲ್ಲಿ ನ್ಯಾಯಾಲಯವೇ ಹೇಳಿತ್ತು. ಲೆಕ್ಕ ಕೇಳುವುದು, ಶಿಸ್ತು ವಿಚಾರಿಸುವುದು, ನಾಗರಿಕರ ದೂರು ಆಲಿಸುವುದು ಇವು ಯಾವ ರಾತ್ರಿಯ ಕಾರ್ಯಾಚರಣೆಗೂ ಅಡ್ಡಿಯಾಗುವಂಥವಲ್ಲ. ಪೊಲೀಸರು ಜನರ ಮನೆಬಾಗಿಲಿಗೆ ಹೆಚ್ಚು ಸಲ ಬರುವ ಕಾಲದಲ್ಲೇ ಅಂಥ ವಿಚಾರಣೆ ಹೆಚ್ಚು ಬೇಕು.

ಪುರಸಭೆಯ ಸದಸ್ಯರು ಸ್ಥಳೀಯ ಹಿತಾಸಕ್ತಿಗಳಿಗೆ ಬಾಗುತ್ತಾರೆ, ತಮ್ಮವರನ್ನೇ ನೇಮಿಸುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲೂ ಹುರುಳಿದೆ. ಆದರೆ ಇದಕ್ಕೆ ಮದ್ದು ಆಗಲೇ ಇತ್ತು. ಪಡೆ ದಕ್ಷವಾಗಿದೆಯೆಂದು ಸರ್ಕಾರದ ತನಿಖಾಧಿಕಾರಿ ಪ್ರಮಾಣೀಕರಿಸಿದರೆ ಮಾತ್ರ ಖರ್ಚಿನ ಅರ್ಧ ಪಾಲು ಕೇಂದ್ರದಿಂದ ಸಿಗುತ್ತಿತ್ತು. ವಜಾಗೊಂಡ ಪೇದೆಗೆ 1927ರ ಕಾಯ್ದೆ ಗೃಹ ಸಚಿವರ ಬಳಿ ಮೇಲ್ಮನವಿಯ ಹಕ್ಕು ಕೊಟ್ಟಿತ್ತು. ಕಾವಲು ಬಿಗಿ ಮಾಡಿದ್ದರೆ ಸಾಲುತ್ತಿದ್ದ ದೋಷಕ್ಕೆ ಅಧಿಕಾರವನ್ನೇ ಕಿತ್ತುಕೊಳ್ಳುವುದು ಸರಿಯಾದ ಉತ್ತರವಲ್ಲ.

ಯುದ್ಧ ಮುಗಿದ ಮೇಲೆ ಏನಾಯಿತು ನೋಡಿ. ಸಸೆಕ್ಸ್‌ನಲ್ಲಿ 1943ರಲ್ಲಿ ಒಂದಾಗಿದ್ದ ಪಡೆಗಳು 1947ರಲ್ಲಿ ಬೇರೆಯಾದವು. ಕೌಂಟಿಗೆ ಸಮಾನ ದರ್ಜೆಯಿದ್ದ ಬ್ರೈಟನ್ ತನ್ನ ಪಡೆಯನ್ನು ಮರಳಿ ಪಡೆಯಿತು. ಆ ದರ್ಜೆಯಿಲ್ಲದ ಪಕ್ಕದ ಹೋವ್ ಪಡೆಯಲಿಲ್ಲ. 1946ರ ಪೊಲೀಸ್ ಕಾಯ್ದೆ ಅಂಥ ಸಣ್ಣ ಪಟ್ಟಣಗಳಲ್ಲಿ ಹೆಚ್ಚಿನವುಗಳ ಪಡೆಗಳನ್ನು ರದ್ದುಮಾಡಿತ್ತು. ಅಗ್ನಿಶಾಮಕ ದಳದ ಕಥೆಯೂ ಇದೇ: 1941ರಲ್ಲಿ ರಾಷ್ಟ್ರೀಕರಣಗೊಂಡ ದಳ 1948ರಲ್ಲಿ ಸ್ಥಳೀಯ ಆಡಳಿತಕ್ಕೆ ಮರಳಿದಾಗ ಕೌಂಟಿಗಳಿಗೂ ದೊಡ್ಡ ಪಟ್ಟಣಗಳಿಗೂ ಸಿಕ್ಕಿತೇ ಹೊರತು ಸಣ್ಣವಕ್ಕಲ್ಲ. ಸಣ್ಣ ಪಡೆಗಳು ಬೇಡವೆಂಬ ವಾದ 1919ರಷ್ಟು ಹಳೆಯದು. ಶಾಂತಿಕಾಲದಲ್ಲಿ ಗೆಲ್ಲದ ಅದಕ್ಕೆ ಯುದ್ಧ ದಾರಿ ಮಾಡಿಕೊಟ್ಟಿತು. ಸಂಸತ್ತೇ ಕಾಯ್ದೆ ಮಾಡಿತಲ್ಲ ಎನ್ನಬಹುದು. ನಿಜ, ಆದರೆ ಕಚೇರಿ, ಸಿಬ್ಬಂದಿ, ದಫ್ತರ ಎಲ್ಲವೂ ಆಗಲೇ ಕೈದಾಟಿದ ಮೇಲೆ ನಡೆಯುವ ಚರ್ಚೆ ಸರಿಸಮ ಚರ್ಚೆಯಲ್ಲ. ಹಾಗಾಗಿ ತುರ್ತು ಅಧಿಕಾರ ಕೊಡುವ ಕಾನೂನಿನಲ್ಲೇ ಅದು ಕೊನೆಗೊಳ್ಳುವ ದಿನಾಂಕವೂ, ಅಲ್ಲಿಯವರೆಗೆ ಊರಿನ ಪ್ರತಿನಿಧಿಗಳು ಪೊಲೀಸರನ್ನು ಪ್ರಶ್ನಿಸುವ ಹಕ್ಕೂ ಬರೆದಿರಬೇಕು. ಊರಿನ ಅಧಿಕಾರ ಬೇಡವೆನಿಸಿದರೆ ಅದನ್ನು ಶಾಂತಿಕಾಲದಲ್ಲಿ, ಊರಿನವರ ಎದುರೇ ವಾದಿಸಿ ತೆಗೆಯಲಿ.