ಬೇಡವಾದ ಸಿಂಗರವೂ ಬಾಗಿನದ ಮೊರವೂ

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಆತನ ರಾಜ್ಯದ ಮೂಡಣ ಎಲ್ಲೆಯನ್ನು ಹೇಳುವಲ್ಲಿ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ಮುಳಬಾಗಿಲೆಂಬ ಹೆಸರಾದರೂ ‘ಮೂಡಲ ಬಾಗಿಲು’ ಎಂಬುದರಿಂದ ಬಂದದ್ದೆಂಬುದು ಸರ್ವವಿದಿತ. ಬಾಗಿಲಿದ್ದಲ್ಲಿ ಒಳಬರುವ ಸರಕಿಗೆ ಕೊರತೆಯಿಲ್ಲ. ಹಿಂದೆ ದಂಡು ಬಂದ ದಾರಿಯಲ್ಲಿಯೇ ಇಂದು ಬೆಂಗಳೂರು-ಚೆನ್ನೈ ಹೆದ್ದಾರಿಯ ಲಾರಿಗಳು ಓಡುತ್ತವೆ. ದಾರಿಯ ಇಕ್ಕೆಲದ ಚಿಲ್ಲರೆ ಅಂಗಡಿಗಳ ಮುಂದೆ ಶಾಂಪೂವಿನ ಪುಟ್ಟ ಪೊಟ್ಟಣಗಳು ತೋರಣದಂತೆ ತೂಗುತ್ತವೆ. ಈ ಪೊಟ್ಟಣದ ಉಪಾಯವೂ ಮೂಡಲ ಸೀಮೆಯಿಂದಲೇ ಬಂದದ್ದು. ಕಡಲೂರಿನ ಚಿನ್ನಿಕೃಷ್ಣನ್ ಎಂಬವರು ಶಾಂಪೂವನ್ನು ಪೊಟ್ಟಣದಲ್ಲಿ ತುಂಬಿ ಮಾರಲು ಹೊರಟವರಲ್ಲಿ ಮೊದಲಿಗರೆನಿಸಿಕೊಂಡರು. ಅವರ ಮಗ 1983ರಲ್ಲಿ ಅದೇ ವ್ಯಾಪಾರವನ್ನು ದೊಡ್ಡದಾಗಿ ಬೆಳೆಸಿದರು. ಕೂಲಿಯ ಹೆಂಗಸಿಗೆ ಸೀಸೆಯನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೂ ಒಂದು ತಲೆಸ್ನಾನದಷ್ಟು ಶಾಂಪೂ ಕೊಳ್ಳುವ ಆಸೆಯುಂಟೆಂಬುದನ್ನು ದಾನಿಗಳಿಗಿಂತ ಮೊದಲು ವ್ಯಾಪಾರಿಗಳು ಅರಿತರು. ಇದನ್ನು ಒಪ್ಪಿಕೊಳ್ಳಲೇಬೇಕು.

ಇತ್ತ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿದ ಅನುಕೂಲಸ್ಥರ ಮನೆಗಳಲ್ಲಿ ಬೇರೊಂದು ಬಗೆಯ ತೊಂದರೆ ತಲೆದೋರಿದೆ. ಹೋಟೆಲುಗಳಿಂದ ತಂದ ಸಣ್ಣ ಸಾಬೂನುಗಳು, ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದ ಸುಗಂಧದ ಸೀಸೆಗಳು, ಬಣ್ಣ ಹೊಂದದೆ ಬದಿಗಿಟ್ಟ ತುಟಿರಂಗು, ಎರಡು ಸಲ ಬೆರಳದ್ದಿ ಬಿಟ್ಟ ಮುಖದ ಲೇಪಗಳು ಕಪಾಟಿನಲ್ಲಿ ರಾಶಿಬಿದ್ದಿವೆ. ಎಸೆಯಲು ಮನಸ್ಸು ಬಾರದು, ಬಳಸಲು ಇಷ್ಟವಿಲ್ಲ. ಆಗ ಓದಿದ ಶಾಲೆಯ ನೆನಪಾಗುತ್ತದೆ. ‘ನಮ್ಮೂರ ಬಡ ಹೆಣ್ಣುಮಕ್ಕಳಿಗೆ ಕೊಟ್ಟರೆ ಹೇಗೆ’ ಎಂಬ ಸದಿಚ್ಛೆ ಹುಟ್ಟುತ್ತದೆ. ಈ ಸದಿಚ್ಛೆಯನ್ನು ಯಾರೂ ಹಳಿಯಬೇಕಾಗಿಲ್ಲ. ಅದು ನಂಗಲಿಯನ್ನು ಮುಟ್ಟುವ ವೇಳೆಗೆ ಏನಾಗಿರುತ್ತದೆಂಬುದನ್ನು ಮಾತ್ರ ನೋಡಬೇಕು.

ಈ ವಿಷಯದಲ್ಲಿ ಎರಡು ಸುಲಭವಾದ ಅಭಿಪ್ರಾಯಗಳುಂಟು. ಹಸಿದವರಿಗೆ ಅನ್ನವೂ ಓದುವವರಿಗೆ ಪುಸ್ತಕವೂ ಬೇಕೇ ಹೊರತು ಸಿಂಗರದ ಸಾಮಗ್ರಿ ಬೇಡವೆಂಬುದು ಒಂದು. ಏನೂ ಇಲ್ಲದವರಿಗೆ ಏನು ಕೊಟ್ಟರೂ ಲಾಭವೇ ಎಂಬುದು ಮತ್ತೊಂದು. ಮೊದಲನೆಯದು ಉಪಾಧ್ಯಾಯರಲ್ಲಿ ಹೆಚ್ಚು, ಎರಡನೆಯದು ದಾನಿಗಳಲ್ಲಿ ಹೆಚ್ಚು. ಎರಡೂ ಸಲ್ಲವು.

ಮೊದಲನೆಯದನ್ನು ನೋಡೋಣ. ಸಂಸ್ಕೃತದಲ್ಲಿ ಸಿಂಗರಿಸುವಿಕೆಗೆ ‘ಪ್ರಸಾಧನ’ ಎಂಬ ಮಾತುಂಟು. ‘ಸಾಧ್’ ಎಂಬ ಧಾತುವಿನಿಂದ ಬಂದ ಇದಕ್ಕೆ ಅಣಿಗೊಳಿಸುವುದು, ಸಿದ್ಧಪಡಿಸುವುದು ಎಂಬುದು ಮೂಲಾರ್ಥ. ಇದನ್ನು ‘ಪ್ರಸಾದ’ದೊಡನೆ ಗೊಂದಲಮಾಡಿಕೊಳ್ಳಬಾರದು, ಅದರ ಧಾತುವೇ ಬೇರೆ. ಮನುಷ್ಯನು ತಾನು ನಾಲ್ವರ ನಡುವೆ ಹೋಗಲು ಅಣಿಯಾಗುವುದೇ ಪ್ರಸಾಧನ. ನಮ್ಮ ಹಿರಿಯರು ಇದನ್ನು ತುಚ್ಛವೆಂದು ಬಗೆದವರಲ್ಲ. 11ನೆಯ ಶತಮಾನದ ಚಾವುಂಡರಾಯನು ಜನೋಪಯೋಗಿಯಾದ ತನ್ನ ‘ಲೋಕೋಪಕಾರ’ದಲ್ಲಿ ಕೃಷಿ, ವೈದ್ಯ, ಪಾಕಗಳ ಜೊತೆಯಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಎಡೆಗೊಟ್ಟನು. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳು ರಾಜಭೋಗಗಳೆಂದು ವರ್ಣಿತವಾಗಿವೆ. ಅರಸನಿಗೆ ಭೋಗವಾದದ್ದು ಬಡವರ ಹುಡುಗಿಗೆ ದುರಭ್ಯಾಸವೆನ್ನುವುದು ಯಾವ ನ್ಯಾಯ?

ತಲೆಗೆ ಎಣ್ಣೆಯಿಲ್ಲದೆ, ಮೈಸಾಬೂನಿಲ್ಲದೆ ಶಾಲೆಗೆ ಬಂದ ಮಗು ಹಿಂದಿನ ಬೆಂಚನ್ನೇ ಏಕೆ ಆರಿಸಿಕೊಳ್ಳುತ್ತದೆಂಬುದು ಅನುಭವಿಗಳಾದ ಉಪಾಧ್ಯಾಯರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡ ದಿನವನ್ನು ಆ ಮಗು ಮರೆಯುವುದಿಲ್ಲ. ಸರ್ಕಾರವೂ ಇದನ್ನು ಮನಗಂಡಿದೆ. ಹೆಣ್ಣುಮಕ್ಕಳ ತಿಂಗಳ ಶೌಚಕ್ಕೆಂದು ‘ಶುಚಿ’ ಎಂಬ ಯೋಜನೆ ಕರ್ನಾಟಕದಲ್ಲಿ 2013-14ರ ಸುಮಾರಿನಲ್ಲಿ ಹೊರಟಿತು. ವಿದ್ಯಾರ್ಥಿನಿಲಯದ ಮಕ್ಕಳಿಗೆ ಸಾಬೂನು, ಕೊಬ್ಬರಿ ಎಣ್ಣೆ, ಹಲ್ಲುಜ್ಜುವ ಪೇಸ್ಟು ಮೊದಲಾದವುಗಳನ್ನು ಒಟ್ಟುಗೂಡಿಸಿದ ‘ಶುಚಿ ಸಂಭ್ರಮ’ ಎಂಬ ಕಿಟ್ಟನ್ನು ಕೊಡುವ ಏರ್ಪಾಡೂ ಆಯಿತು. ಶುಚಿಯ ಜೊತೆಗೆ ಸಂಭ್ರಮವೆಂಬ ಮಾತನ್ನು ಸೇರಿಸಿದ ಪುಣ್ಯಾತ್ಮರು ಯಾರೋ, ಅವರಿಗೆ ಮಕ್ಕಳ ಮನಸ್ಸು ತಿಳಿದಿತ್ತು.

ಇಲ್ಲಿ ಕೆಲವರು ಅಕ್ಕಮಹಾದೇವಿಯ ನಿದರ್ಶನವನ್ನು ಮುಂದೊಡ್ಡುವುದುಂಟು. ಅಕ್ಕನು ಉಡುಗೆ ತೊಡುಗೆಗಳನ್ನು ತೊರೆದದ್ದು ನಿಜ. ಅರಮನೆಯ ಭೋಗ ಕೈಯಳತೆಯಲ್ಲಿದ್ದಾಗ ತನ್ನ ಇಚ್ಛೆಯಿಂದ ತೊರೆದಳು. ಇಲ್ಲದವಳ ಇಲ್ಲದಿಕೆಯನ್ನು ವೈರಾಗ್ಯವೆಂದು ಹೊಗಳುವುದು ಅಕ್ಕನಿಗೂ ಮಾಡುವ ಅಪಚಾರ, ಆ ಹುಡುಗಿಗೂ ಮಾಡುವ ಅಪಚಾರ.

ಇನ್ನು ಎರಡನೆಯ ಅಭಿಪ್ರಾಯ. ಏನು ಕೊಟ್ಟರೂ ಲಾಭವೇ ಎಂಬವರು ಪದಾರ್ಥದ ಗುಣವನ್ನು ಕುರಿತು ಯೋಚಿಸಿದವರಲ್ಲ. ಅಂಗರಾಗಗಳು ಬಟ್ಟೆಯಂತಲ್ಲ, ಒಗೆದು ಮಡಿಸಿ ಕೊಟ್ಟರೆ ಹೊಸದಾಗುವಂಥವಲ್ಲ. ಮುಚ್ಚಳ ತೆರೆದ ದಿನದಿಂದ ಅವುಗಳ ಆಯುಸ್ಸು ಇಳಿಯುತ್ತದೆ. ಅನೇಕ ಡಬ್ಬಿಗಳ ಮೇಲೆ ತೆರೆದ ಭರಣಿಯ ಪುಟ್ಟ ಚಿತ್ರವೂ ಅದರೊಳಗೆ 6 ಅಥವಾ 12 ಎಂಬ ಅಂಕಿಯೂ ಇರುತ್ತವೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಅದರ ತಾತ್ಪರ್ಯ. ಕಣ್ಣಿಗೆ ಹಚ್ಚುವ ಕಪ್ಪು, ರೆಪ್ಪೆಯ ಬಣ್ಣಗಳಂತೂ ಒಬ್ಬರ ಕಣ್ಣಿನ ಸೋಂಕನ್ನು ಮತ್ತೊಬ್ಬರ ಕಣ್ಣಿಗೆ ಸಾಗಿಸಬಲ್ಲವು. ತುಟಿರಂಗಿನ ಮಾತೂ ಅಷ್ಟೆ. ತನ್ನ ತಂಗಿಗೆ ಕೊಡಲು ಹಿಂಜರಿಯುವುದನ್ನು ಊರಿನ ಹುಡುಗಿಗೆ ಕಳುಹಿಸುವುದು ಕಸದ ಬುಟ್ಟಿಯನ್ನು ದೂರಕ್ಕೆ ಸಾಗಿಸಿದಂತೆಯೇ.

ಕೋಲಾರ ಸೀಮೆಗೆ ಇನ್ನೂ ವಿಶೇಷವಾದ ಕಾರಣಗಳಿವೆ. ನದಿಯಾಸರೆ ಕಡಿಮೆಯಾದ ಈ ನಾಡು ಕೆರೆಗಳನ್ನು ನಂಬಿ ಬದುಕಿತ್ತು. ಕೆರೆ ಬತ್ತಿದ ಮೇಲೆ ಆಳದ ಕೊಳವೆಬಾವಿಗಳಿಗೆ ಬಾಯೊಡ್ಡಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿದು ಬಂದದ್ದು ಬೇರೆ ಮಾತು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯೇಳುವುದಿಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಮೈಮೇಲೆಯೂ ಕೂದಲಲ್ಲಿಯೂ ಅಂಟಂಟಾಗಿ ಉಳಿಯುತ್ತದೆ. ಹೋಟೆಲಿನ ಬಿಲ್ಲೆಯಂಥ ಸಾಬೂನು ಇಂಥ ನೀರಿನಲ್ಲಿ ಎರಡು ಸ್ನಾನಕ್ಕೆ ಬಂದರೆ ಹೆಚ್ಚು. ಅದಕ್ಕಿಂತ ಗಂಭೀರವಾದದ್ದು ಫ್ಲೋರೈಡಿನ ವಿಷಯ. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿರುವುದನ್ನು ಯಾರೂ ಕಾಣಬಹುದು. ನಮ್ಮ ದೇಶದ ನಿಯಮದಂತೆ ಹಲ್ಲಿನ ಪೇಸ್ಟಿನಲ್ಲಿ ಫ್ಲೋರೈಡು ಹತ್ತು ಲಕ್ಷದಲ್ಲಿ 1,000 ಭಾಗವನ್ನು ಮೀರಕೂಡದು. ಹೊರದೇಶಗಳ ಎಷ್ಟೋ ಪೇಸ್ಟುಗಳಲ್ಲಿ ಅದು 1,450ರವರೆಗೂ ಇರುತ್ತದೆ. ಪೇಸ್ಟನ್ನು ನುಂಗುವ ವಯಸ್ಸಿನ ಕೂಸುಗಳಿರುವ ನಂಗಲಿಯ ಮನೆಗೆ ವಿದೇಶದಿಂದ ಪ್ರೀತಿಯಿಂದ ಬಂದ ಈ ಕೊಳವೆ ಹಿತವನ್ನೇ ಮಾಡುತ್ತದೆಂದು ಹೇಳಲಾಗದು. ಕಳುಹಿಸಿದವರ ತಪ್ಪೇನೂ ಇಲ್ಲ. ಅವರು ಕೇಳಲಿಲ್ಲ, ಅಷ್ಟೆ.

ಭಾಷೆಯ ತೊಡಕೂ ಉಂಟು. ಗಡಿಯ ಈ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು, ಶಾಲೆಯ ಮಾತು ಕನ್ನಡ. ಡಬ್ಬಿಯ ಮೇಲಿನ ಬರಹವೋ ಇಂಗ್ಲಿಷು, ಫ್ರೆಂಚು, ಈಚೆಗೆ ಕೊರಿಯಾ ದೇಶದ ಲಿಪಿ. ರಾತ್ರಿ ಮಾತ್ರ ಹಚ್ಚತಕ್ಕ ಲೇಪವನ್ನು ಹಚ್ಚಿಕೊಂಡು ತೊಂಡೆಕಾಯಿ ತೋಟದ ಬಿಸಿಲಿಗಿಳಿದ ಹುಡುಗಿಯ ಮುಖ ಉರಿದರೆ ಹೊಣೆ ಯಾರದು?

ಬಿಳುಪು ತರುವ ಕ್ರೀಮುಗಳನ್ನು ಕುರಿತು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 1975ರಿಂದ ‘ಫೇರ್ ಅಂಡ್ ಲವ್ಲಿ’ ಎಂದು ಮನೆಮಾತಾಗಿದ್ದ ಲೇಪವು 2020ರಲ್ಲಿ ಹೆಸರಿನಿಂದ ಬಿಳುಪನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಕಂಪನಿಗೇ ಸಂಕೋಚ ತಂದ ಮಾತನ್ನು ದಾನದ ಪೆಟ್ಟಿಗೆ ಇನ್ನೂ ಹೊತ್ತುತರಬೇಕೆ? ಹೆಸರುವಾಸಿಯಲ್ಲದ ಕಂಪನಿಗಳ ಕೆಲವು ಲೇಪಗಳ ಅಪಾಯವಂತೂ ಬೇರೆಯ ತರಹದ್ದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಗೆ ಗುರಿಯಾಗಿ ಬಂದವರನ್ನು ವೈದ್ಯರು ವಿಚಾರಿಸಿದಾಗ, ಅವರಲ್ಲಿ ಹಲವರು ಪಾದರಸ ಬೆರೆತ ಬಿಳುಪಿನ ಲೇಪಗಳನ್ನು ಬಳಸಿದ್ದುದು ಬೆಳಕಿಗೆ ಬಂದಿತು. ಬಿಸಿಲಲ್ಲಿ ದುಡಿದು ಕಪ್ಪಾದ ಹುಡುಗಿಗೆ ಬಿಳುಪಿನ ಡಬ್ಬಿಯನ್ನು ದಾನವಾಗಿ ಕೊಟ್ಟರೆ, ಕೊಟ್ಟವರು ಬಾಯಿಬಿಟ್ಟು ಏನನ್ನೂ ಹೇಳದಿದ್ದರೂ ಆಕೆಯ ಮೈಬಣ್ಣವೇ ಒಂದು ಕುಂದೆಂದು ಹೇಳಿದಂತಾಯಿತು.

ಹಾಗಾದರೆ ಕೊಡುವುದೇ ಬೇಡವೆ? ಕೊಡುವ ಕ್ರಮ ನಮ್ಮ ಹೆಣ್ಣುಮಕ್ಕಳಿಗೆ ಹೊಸತಲ್ಲ. ಸ್ವರ್ಣಗೌರಿಯ ಹಬ್ಬದಂದು ಕೊಡುವ ಮೊರದ ಬಾಗಿನವನ್ನು ನೆನೆಯಬೇಕು. ಅರಿಸಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಪುಟ್ಟ ಕನ್ನಡಿ, ಕಾಡಿಗೆಯ ಡಬ್ಬಿ, ರವಿಕೆಯ ಕಣ, ಜೊತೆಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ಅನ್ನ ಮೊದಲೋ ಸಿಂಗರ ಮೊದಲೋ ಎಂಬ ಜಗಳವನ್ನು ನಮ್ಮ ಅಜ್ಜಿಯರು ಒಂದೇ ಮೊರದಲ್ಲಿ ಎರಡನ್ನೂ ಇಟ್ಟು ತೀರಿಸಿದ್ದರು. ಮೊರ ಹೊಸದು, ಒಳಗಿನದೆಲ್ಲ ಹೊಸದು. ಮೇಲೊಂದು ಮೊರ ಮುಚ್ಚಿ, ಕೊಡುವವಳು ಸೆರಗು ಹಿಡಿದು ಕೊಡಬೇಕು. ಒಳಗೇನಿದೆಯೆಂದು ಬೀದಿಗೆ ಕಾಣಬಾರದು. ಇಂದಿನ ದಾನಗಳಲ್ಲಿ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ, ಸಾಬೂನನ್ನು ಎತ್ತಿ ಹಿಡಿಸಿ ತೆಗೆಯುವ ಭಾವಚಿತ್ರಗಳನ್ನು ಕಂಡಾಗ ಆ ಮೇಲುಮೊರದ ಬೆಲೆ ತಿಳಿಯುತ್ತದೆ.

ಬಾಗಿನವೂ ದೋಷವಿಲ್ಲದ್ದಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಬ್ಬದ ಅಂಗಡಿಯಲ್ಲಿ ಕಟ್ಟಿಟ್ಟ ‘ಬಾಗಿನದ ಸಾಮಾನು’ ಈಗ ಹೆಸರಿಗೆ ಮಾತ್ರ: ಮುಖ ಕಾಣದ ಕನ್ನಡಿ, ಕೂದಲಿಗೆ ತಾಗಿದೊಡನೆ ಹಲ್ಲುದುರಿಸುವ ಬಾಚಣಿಗೆ, ಗೊಂಬೆಗೂ ಹಿಡಿಸದ ಬಳೆ. ರವಿಕೆಯ ಕಣವಂತೂ ಒಂದು ಮನೆಯಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ತಿರುಗಿ, ಕೆಲವೊಮ್ಮೆ ಹೊರಟ ಮನೆಗೇ ಮರಳುತ್ತದೆ. ಬೇಡವಾದುದನ್ನು ದಾಟಿಸುವ ಕಲೆಯನ್ನು ನಾವು ಪರದೇಶದಿಂದ ಕಲಿತಿಲ್ಲ. ಎಲ್ಲಕ್ಕಿಂತ ನೋವಿನ ಮಾತೆಂದರೆ, ಬಾಗಿನ ಸುಮಂಗಲಿಯರಿಗೆ ಮಾತ್ರ. ಗಂಡನನ್ನು ಕಳೆದುಕೊಂಡವಳು ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ. ಯಾರಿಗೆ ಎಣ್ಣೆ, ಸಾಬೂನು, ಬಾಚಣಿಗೆಗಳ ಕೊರತೆ ಎಲ್ಲರಿಗಿಂತ ಹೆಚ್ಚೋ ಆಕೆಯನ್ನೇ ಮೊರ ದಾಟಿಹೋಗುತ್ತದೆ. ಶರಣರ ಹೆಸರು ಹೇಳುವ ಸಂಸ್ಥೆಗಳಾದರೂ ಈ ರೇಖೆಯನ್ನು ಅಳಿಸಬೇಕಾದುದು ನ್ಯಾಯ. ಶಾಲೆಯ ಅಡುಗೆಯ ಕೆಲಸದಾಕೆಯೋ ಕಸ ಗುಡಿಸುವಾಕೆಯೋ ವಿಧವೆಯಾಗಿದ್ದರೆ ಪೆಟ್ಟಿಗೆಯಲ್ಲಿ ಆಕೆಗೂ ಪಾಲಿರಬೇಕು.

ಪಡೆಯುವವರಿಗೆ ಬೇಡವೆನ್ನುವ ಹಕ್ಕುಂಟೆ? ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬಡವರ ಮನೆಯ ಹೆಂಗಸೊಬ್ಬಳು ಕಲ್ಯಾಣದ ಸಿರಿಯನ್ನು ಹಿಂದಕ್ಕೆ ಕಳುಹಿಸಿದಳು. ಕಲ್ಯಾಣ ಅದನ್ನು ಅವಿಧೇಯತೆಯೆನ್ನಲಿಲ್ಲ. ಇಂದು ಯಾವುದೋ ಹುಡುಗಿ ‘ಈ ಕ್ರೀಮು ನನಗೆ ಬೇಡ’ ಎಂದರೆ ಕೃತಘ್ನಳೆನಿಸಿಕೊಳ್ಳುತ್ತಾಳೆ. ಲಕ್ಕಮ್ಮನ ಕಥೆಯನ್ನು ತರಗತಿಯಲ್ಲಿ ಹೇಳುವವರೇ ಹೀಗೆ ಗದರಿಸುವುದು ವಿಚಿತ್ರವಾಗಿದೆ.

ಮಿಕ್ಕದ್ದನ್ನು ಮರ್ಯಾದೆಯಿಂದ ಬಳಕೆಗೆ ತರುವ ದಾರಿಗಳು ಇಲ್ಲದಿಲ್ಲ. ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ 2009ರಲ್ಲಿ ಹುಟ್ಟಿದ ‘ಕ್ಲೀನ್ ದಿ ವರ್ಲ್ಡ್’ ಎಂಬ ಸಂಸ್ಥೆ ಹೋಟೆಲುಗಳಲ್ಲಿ ಉಳಿದ ಸಾಬೂನನ್ನು ಹಾಗೆಯೇ ಹಂಚುವುದಿಲ್ಲ. ಶುದ್ಧಿಮಾಡಿ, ಅರೆದು, ಹೊಸ ಬಿಲ್ಲೆಗಳಾಗಿ ಒತ್ತಿ ಕೊಡುತ್ತದೆ. ನಮ್ಮಲ್ಲಿ 1999ರಲ್ಲಿ ಅಂಶು ಗುಪ್ತರು ದೆಹಲಿಯಲ್ಲಿ ಆರಂಭಿಸಿದ ‘ಗೂಂಜ್’ ಸಂಸ್ಥೆಯ ಕ್ರಮ ಇನ್ನೂ ವಿಚಾರಾರ್ಹ. ಹಳ್ಳಿಯವರು ತಾವೇ ನಿಶ್ಚಯಿಸಿದ ಕೆಲಸವನ್ನು, ಬಾವಿಯ ಹೂಳು ತೆಗೆಯುವುದೋ ದಾರಿ ಸರಿಪಡಿಸುವುದೋ, ಮಾಡಿ ಮುಗಿಸಿ ಅದರ ಸಂಭಾವನೆಯಾಗಿ ಬಟ್ಟೆ ಮೊದಲಾದವುಗಳನ್ನು ಪಡೆಯುತ್ತಾರೆ. ಕಾಯಕದ ಮಾತನ್ನಾಡದೆಯೇ ಕಾಯಕವನ್ನು ನಡೆಸುವುದೆಂದರೆ ಇದೇ. ಮೈಸೂರಿನ ಗಂಧದ ಸಾಬೂನೂ ಮಿಕ್ಕ ಸರಕಿನ ಮಗಳೇ ಎಂಬುದು ಇಲ್ಲಿ ನೆನಪಾಗುತ್ತದೆ: ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಸಾಗದೆ ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೊಡಗಿ, ಅದರ ಬೆನ್ನಲ್ಲೇ ಸಾಬೂನು ಬಂದಿತು.

ಶಾಲೆಗಳು ಮಾಡಬೇಕಾದ ಏರ್ಪಾಡು ದೊಡ್ಡದೇನಲ್ಲ. ಪೆಟ್ಟಿಗೆ ಬರುವ ಮುನ್ನ ಪಟ್ಟಿ ಹೋಗಬೇಕು. ತೆರೆಯದ, ಅವಧಿ ಮುಗಿಯಲು ಆರು ತಿಂಗಳಾದರೂ ಉಳಿದ ಪದಾರ್ಥಗಳನ್ನಲ್ಲದೆ ಬೇರೆಯದನ್ನು ಸ್ವೀಕರಿಸುವುದಿಲ್ಲವೆಂದು ದಾನಿಗಳಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ತಿಳಿಸಬೇಕು. ನಿಜವಾದ ದಾನಿಗಳು ಇದಕ್ಕೆ ಮುನಿಯಲಾರರು. ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಬರೆಯಕೂಡದು. ಹುಡುಗಿಯರೇ ಕುಳಿತು, ಹೆಸರು ಹಾಕದೆ, ತಮಗೆ ಬೇಕಾದುದನ್ನು ಬರೆಯಲಿ. ಕೊಬ್ಬರಿ ಎಣ್ಣೆ, ಗಡಸು ನೀರಿಗೆ ಒಗ್ಗುವ ಶಾಂಪೂ, ಹೇನುಬಾಚಣಿಗೆ, ಮೈಸಾಬೂನು, ತಿಂಗಳ ಬಟ್ಟೆ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಮುಲಾಮು ಮೊದಲ ಸಾಲುಗಳಲ್ಲಿ ಬರಬಹುದು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಯಾರೋ ಒಬ್ಬಳು ಉಗುರುಬಣ್ಣವೆಂದೋ ಕಣ್ಕಪ್ಪೆಂದೋ ಬರೆದಿರುತ್ತಾಳೆ. ಪಟ್ಟಿಯನ್ನು ಬೆಂಗಳೂರಿಗೆ ಕಳುಹಿಸುವ ಉಪಾಧ್ಯಾಯರು ಆ ಸಾಲನ್ನು ಹೊಡೆದುಹಾಕದಿರಲಿ.