ಎಕ್ಸ್-ರೇ ಕ್ಲಿಯರ್ ಎಂದು ಮನೆಗೆ ಕಳಿಸುವವರಿಗೆ

ರಕ್ತದ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿರುವವರಿಗೆ ಜ್ವರ ಬಂದರೆ ಬೆಂಗಳೂರಿನ ಆರ್.ಟಿ. ನಗರದಿಂದ ಯಲಹಂಕದವರೆಗೆ ನಡೆಯುವುದು ಒಂದೇ. ಮನೆಯಲ್ಲಿ ಡೋಲೋ ನುಂಗಿಸುತ್ತಾರೆ. ಇಳಿಯದಿದ್ದರೆ ಪಕ್ಕದ ಕ್ಲಿನಿಕ್, ಅಲ್ಲಿಂದ ಎದೆಯ ಎಕ್ಸ್-ರೇ. 'ಕ್ಲಿಯರ್ ಇದೆ, ಭಯ ಬೇಡ.'

ಯಾವ ಧೈರ್ಯದ ಮೇಲೆ ಈ ಮಾತು? ನ್ಯುಮೋನಿಯಾ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಬೇಕಾದರೆ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ನುಗ್ಗಬೇಕು, ಅಲ್ಲಿ ಕೀವು ತುಂಬಬೇಕು. ಲ್ಯುಕೇಮಿಯಾ ಮತ್ತು ಕೀಮೋ ಸೇರಿ ಆ ಕಣಗಳನ್ನೇ ಬರಿದು ಮಾಡಿರುತ್ತವೆ. ಅವುಗಳಲ್ಲಿ ಮುಖ್ಯವಾದ ನ್ಯೂಟ್ರೋಫಿಲ್‌ಗಳ ಎಣಿಕೆ 500ಕ್ಕಿಂತ ಕೆಳಗಿದ್ದಾಗ ಶ್ವಾಸಕೋಶ ಕೊಳೆಯುತ್ತಿದ್ದರೂ ಫಿಲ್ಮ್ ಸ್ವಚ್ಛವಾಗಿರಬಹುದು. ಎಕ್ಸ್-ರೇ ಸರಿಯಿದ್ದೂ ಜ್ವರ ಬಿಡದ ಇಂಥ ರೋಗಿಗಳಿಗೆ ಎಚ್‌ಆರ್‌ಸಿಟಿ ಎಂಬ ಸೂಕ್ಷ್ಮ ಸಿಟಿ ಸ್ಕ್ಯಾನ್ ಮಾಡಿದರೆ ಅರ್ಧಕ್ಕೂ ಹೆಚ್ಚು ಸಲ ನ್ಯುಮೋನಿಯಾದ ಗುರುತು ಸಿಗುತ್ತದೆ ಎಂದು ಜರ್ಮನಿಯ ವೈದ್ಯರು 1999ರಲ್ಲೇ ಪ್ರಕಟಿಸಿದ್ದಾರೆ. ನಾವು ಇನ್ನೂ ಎಕ್ಸ್-ರೇ ನೋಡಿ ನಿಟ್ಟುಸಿರು ಬಿಡುತ್ತಿದ್ದೇವೆ.

ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿದರೆ ಸಿಟಿಯಲ್ಲಿ ಗಂಟಿನ ಸುತ್ತ ಮಸುಕು ವಲಯ ಕಾಣುತ್ತದೆ, ಹೇಲೋ ಎನ್ನುತ್ತಾರೆ. ಅದು ರಕ್ತ ಒಸರಿದ ಗುರುತು. ಮೊದಲ ಕೆಲವು ದಿನ ಕಂಡು, ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರಲ್ಲಿ ಮರೆಯಾಗುತ್ತದೆ. ಆ ವಾರವನ್ನೇ ನಾವು ಕಾದು ಕಳೆಯುತ್ತೇವೆ! ಇದರ ಬೀಜಕಣಗಳು ಅಗೆತದ ಧೂಳಿನಲ್ಲಿ ಹಾರುತ್ತವೆ. ಮೆಟ್ರೋಗಾಗಿ ಅಗೆದ ಹೆಬ್ಬಾಳ, ಜಕ್ಕೂರು ರಸ್ತೆಯಲ್ಲಿ ರೋಗಿಯನ್ನು ತೆರೆದ ಆಟೋದಲ್ಲಿ ಕೂರಿಸಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವವರಿಗೆ ಒಂದು ಎನ್95 ಮಾಸ್ಕ್ ಹಾಕಿಸುವ ಎಚ್ಚರವೂ ಇಲ್ಲ.

ವೈದ್ಯರೇ, ಸ್ಕ್ಯಾನಿಂಗ್ ಚೀಟಿಯಲ್ಲಿ 'ಜ್ವರ, ಕೆಮ್ಮು' ಎಂದಷ್ಟೇ ಗೀಚುತ್ತೀರಿ. ಲ್ಯುಕೇಮಿಯಾ ಇದೆ, ಕೌಂಟ್ ಇಷ್ಟು ಎಂದು ರೇಡಿಯಾಲಜಿಸ್ಟ್‌ಗೆ ಇನ್ಯಾರು ಹೇಳಬೇಕು? ಸ್ಕ್ಯಾನ್‌ನಲ್ಲಿ ಕಾಣುವ ಒಂದೇ ನೆರಳು ಬೂಷ್ಟೂ ಆಗಬಹುದು, ರಕ್ತಸ್ರಾವವೂ ಆಗಬಹುದು, ಕ್ಯಾನ್ಸರ್ ಕಣಗಳೇ ಹರಡಿದ್ದೂ ಆಗಬಹುದು. ನಡುವೆ ಮಸುಕು, ಸುತ್ತ ದಟ್ಟ ಉಂಗುರ ಕಂಡರೆ ಮ್ಯೂಕರ್ ಎಂಬ ಇನ್ನೊಂದು ಬೂಷ್ಟು ಎಂದು ಶಂಕಿಸಬೇಕು. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಅದಕ್ಕೆ ನಾಟದು. ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರಿನವರ ಪಾಡಂತೂ ಬೇರೆ: ಎದೆಯ ನಡುವೆ ಗಡ್ಡೆ ಕಂಡೊಡನೆ ಬಯಾಪ್ಸಿ ಇಲ್ಲದೆ ಟಿಬಿ ಮಾತ್ರೆ ಶುರುಮಾಡುತ್ತೀರಿ, ತಿಂಗಳುಗಳು ಉರುಳಿಹೋಗುತ್ತವೆ. ಇದು ಅಕ್ಷಮ್ಯ.

ಮನೆಯವರೇ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಕೀಮೋ ಕೊಡುತ್ತಿರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಸೇರಬೇಕು, ಸ್ಕ್ಯಾನ್‌ಗಾಗಿಯೂ ಅದನ್ನು ತಡೆಯಕೂಡದು. ಆಮೇಲೂ ಜ್ವರ ಬಿಡದಿದ್ದರೆ ಸಿಟಿ ಯಾವಾಗ ಎಂದು ಬಾಯಿಬಿಟ್ಟು ಕೇಳಿ.